ವನರಾಜ್ ಭಾಟಿಯಾ: ‘ಅಗ್ನಿ ಮತ್ತು ಮಳೆ’ಯವರೆಗಿನ ದಾರಿ

1988ರ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ, ಮಾಟುಂಗಾದ ನಮ್ಮ ಎರಡು ಕೋಣೆಗಳ ಮನೆಯಲ್ಲಿ, ಹೊನ್ನಾವರದ ಕಡೆಯಿಂದ ಬಂದಿದ್ದ ಅಜ್ಜ ಟೀವಿಯ ಎದುರು ಗೋಡೆಗೊರಗಿ ಕುಳಿತಿದ್ದರು. ವೈದಿಕ ವೃತ್ತಿಯಲ್ಲೇ ಆಯುಷ್ಯ ಸವೆಸಿದ್ದ ಅವರಿಗೆ ದೂರದರ್ಶನದ ಮೇಲೆ ಅಂಥ ಅಕ್ಕರೆಯೇನೂ ಇರಲಿಲ್ಲ. ಆದರೆ ‘ಭಾರತ್ ಏಕ್ ಖೋಜ್’ ಶುರುವಾಗಿ, ಋಗ್ವೇದದ ನಾಸದೀಯ ಸೂಕ್ತ ಗುಂಪುದನಿಯಲ್ಲಿ ಕೇಳಿಬಂದಾಗ, ಕೈಯಲ್ಲಿದ್ದ ಚಹಾದ ಲೋಟವನ್ನು ನೆಲದ ಮೇಲಿಟ್ಟು ನೆಟ್ಟಗೆ ಕುಳಿತರು. ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ, “ಸ್ವರ ನಮ್ಮದಲ್ಲ, ಆದರೆ ಮಂತ್ರ ಕೆಟ್ಟಿಲ್ಲ. ಯಾರು ಇದನ್ನು ಮಾಡಿದವರು?” ಎಂದು ನನ್ನನ್ನು ಕೇಳಿದರು. ಹೈಸ್ಕೂಲಿನ ಹುಡುಗನಾಗಿದ್ದ ನನಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಪರದೆಯ ಮೇಲೆ ಓಡುವ ಹೆಸರುಗಳನ್ನು ಕಣ್ಣಿಟ್ಟು ಓದಿ, ವನರಾಜ್ ಭಾಟಿಯಾ ಎಂದು ಒಂದು ಚೀಟಿಯಲ್ಲಿ ಬರೆದು ಅಜ್ಜನಿಗೆ ಕೊಟ್ಟೆ.

ಆ ಹೆಸರನ್ನು ಮತ್ತೆ ಮತ್ತೆ ಎದುರುಗೊಳ್ಳುವುದೇ ಅನಂತರದ ವರ್ಷಗಳಲ್ಲಿ ನನಗೆ ಒಂದು ಬಗೆಯ ಅಭ್ಯಾಸವಾಯಿತು. ‘ಮಂಥನ್’ ಚಿತ್ರದ ಹಳ್ಳಿಯ ಹಾಡು ಅವರದು, ಜಲಪಾತದ ಕೆಳಗೆ ಕುಣಿಯುವ ಹುಡುಗಿಯ ಲಿರಿಲ್ ಸಾಬೂನಿನ ಜಾಹೀರಾತಿನ ಆ ಆಲಾಪವೂ ಅವರದು, ಟೀವಿಯಲ್ಲಿ ಬಂದ ‘ತಮಸ್’ನ ಸಂಗೀತ ಅವರದು, ಪಿಯಾನೋಗೆಂದು ಬರೆದ ಫ್ಯಾಂಟಸಿಯಾ ಮತ್ತು ಫ್ಯೂಗ್ (ಒಂದೇ ಸ್ವರವಾಕ್ಯ ಹಲವು ದನಿಗಳಲ್ಲಿ ಮರಳಿ ಮರಳಿ ಬರುವ ಪಾಶ್ಚಾತ್ಯ ರಚನೆ) ಕೂಡ ಅವರದೇ. ಅವರ ಬದುಕನ್ನು ಹೇಳುವಾಗ ಸಾಮಾನ್ಯವಾಗಿ ಮೂರು ಖಾನೆಗಳನ್ನು ಮಾಡುತ್ತಾರೆ: ಹೊಟ್ಟೆಪಾಡಿಗೆ ಜಾಹೀರಾತು, ಹೆಸರಿಗೆ ಸಿನಿಮಾ, ಮನಸ್ಸಿನ ತೃಪ್ತಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಈ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ಸುಮಾರು ಆರು ದಶಕಗಳ ಆ ಕೆಲಸವನ್ನು ಒಟ್ಟಿಗಿಟ್ಟು ಕೇಳಿದರೆ, ಎಲ್ಲ ಕಡೆಯೂ ಒಂದೇ ಕಿವಿ, ಒಂದೇ ಶಿಸ್ತು ಕಾಣುತ್ತದೆ. ಅದು ಕೊನೆಗೆ ಹೋಗಿ ಸೇರಿದ್ದು ನಮ್ಮ ಕನ್ನಡದ ಒಂದು ನಾಟಕವನ್ನು: ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ಯನ್ನು ಅವರು ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ಬಗೆಯ ನಾಟಕ, ಆಗಿಸಲು ಹೊರಟರು. ಮುಂಬಯಿಯ ಕನ್ನಡಿಗರಲ್ಲಿಯೂ ಇದನ್ನು ಬಲ್ಲವರು ಕಡಿಮೆ ಎಂಬುದೇ ನಾನು ಇದನ್ನು ಬರೆಯಲು ಕಾರಣ.

ಭಾಟಿಯಾ ಹುಟ್ಟಿದ್ದು 1927ರ ಮೇ 31ರಂದು, ಬೊಂಬಾಯಿಯಲ್ಲೇ, ಕಚ್ಛೀ ಮೂಲದ ಗುಜರಾತಿ ಮನೆಯಲ್ಲಿ. ಬಾಲ್ಯದಲ್ಲಿ ಹಿಂದೂಸ್ತಾನಿ ಸಂಗೀತ ಕಲಿತದ್ದು ದೇವಧರರ ಸಂಗೀತ ಶಾಲೆಯಲ್ಲಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಿಂದ ಬಂದ ಬಾಲಕ ಕುಮಾರ ಗಂಧರ್ವರನ್ನು ತಿದ್ದಿ ಬೆಳೆಸಿದ್ದು ಇದೇ ದೇವಧರರು ಎಂಬುದು ನಮ್ಮವರಿಗೆ ಗೊತ್ತೇ ಇದೆ. ಹದಿಹರೆಯದಲ್ಲಿ ಚೈಕೋವ್ಸ್ಕಿಯ ಮೊದಲನೆಯ ಪಿಯಾನೋ ಕನ್ಚರ್ಟೋ ಕಿವಿಗೆ ಬಿದ್ದು, ಹುಡುಗ ಪಿಯಾನೋದ ಕಡೆಗೆ ತಿರುಗಿದ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸೇರಿ, 1954ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಿದ್ದರು. ಅಲ್ಲಿಂದ ಪ್ಯಾರಿಸ್ಸಿಗೆ, ನಾದಿಯಾ ಬುಲಾಂಜೆಯ ಬಳಿಗೆ.

ಬುಲಾಂಜೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಪ್ಪತ್ತನೆಯ ಶತಮಾನದ ಸಂಗೀತ ರಚನಕಾರರಲ್ಲಿ ಎಷ್ಟೋ ಮಂದಿ ಈ ಹೆಂಗಸಿನ ಎದುರು ವಿದ್ಯಾರ್ಥಿಗಳಾಗಿ ಕುಳಿತವರೇ. ಅಮೆರಿಕದ ಆರನ್ ಕೋಪ್ಲಂಡ್ ಮೊದಲೇ ಬಂದು ಹೋಗಿದ್ದರು, ಫಿಲಿಪ್ ಗ್ಲಾಸ್ ಆಮೇಲೆ ಬಂದರು. ಭಾಟಿಯಾ ಅಲ್ಲಿದ್ದ 1954ರಿಂದ 1959ರವರೆಗಿನ ಅವಧಿಯಲ್ಲೇ ಅರ್ಜೆಂಟೀನಾದ ಆಸ್ತರ್ ಪಿಯಾಜೋಲಾ ಮತ್ತು ಜಾಝ್ ಲೋಕದ ಕ್ವಿನ್ಸಿ ಜೋನ್ಸ್ ಕೂಡ ಆಕೆಯಲ್ಲಿ ಕಲಿತರು. ಪಿಯಾಜೋಲಾ ತನ್ನ ಟ್ಯಾಂಗೋವನ್ನು ಕೀಳೆಂದು ಮುಚ್ಚಿಟ್ಟಿದ್ದಾಗ, ಅದೇ ನಿನ್ನ ನಿಜವಾದ ಸಂಗೀತವೆಂದು ಆಕೆ ತಿಳಿಹೇಳಿದ ಪ್ರಸಂಗ ಪ್ರಸಿದ್ಧವಾಗಿದೆ. ಆ ಮನೆಯಲ್ಲಿ ಹಾರ್ಮನಿ (ಹಲವು ಸ್ವರಗಳನ್ನು ಒಟ್ಟಿಗೆ ಕೇಳಿಸುವ ಕ್ರಮ), ಕೌಂಟರ್‌ಪಾಯಿಂಟ್‌ಗಳ (ಹಲವು ದನಿಗಳನ್ನು ಜೊತೆಜೊತೆಗೆ ನಡೆಸುವ ಕ್ರಮ) ಪಾಠ ಎಷ್ಟು ಕಠಿಣವಾಗಿತ್ತೋ, ಶಿಷ್ಯನು ಎಲ್ಲಿಂದ ಬಂದವನು ಎಂಬುದಕ್ಕೆ ಅಷ್ಟೇ ಮರ್ಯಾದೆಯಿತ್ತು. ಭಾಟಿಯಾರ ಮುಂದಿನ ಬದುಕನ್ನು ಅರ್ಥಮಾಡಿಕೊಳ್ಳಲು ಈ ಹಿನ್ನೆಲೆ ಬೇಕು: ಎಲ್ಲ ಬಗೆಯ ಸಂಗೀತಕ್ಕೂ ಕೈಹಾಕುವ ಧೈರ್ಯವನ್ನು ಅವರು ಸಿನಿಮಾದಿಂದ ಕಲಿಯಲಿಲ್ಲ, ಅದನ್ನು ಅತ್ಯಂತ ಶಾಸ್ತ್ರೀಯವಾದ ಒಂದು ಗುರುಕುಲದಿಂದಲೇ ತಂದಿದ್ದರು.

ಆದರೆ ಆ ವಿದ್ಯೆಯನ್ನು ಹೊತ್ತುಕೊಂಡು 1959ರಲ್ಲಿ ಬೊಂಬಾಯಿಗೆ ಮರಳಿದವನಿಗೆ ಇಲ್ಲಿ ಕೆಲಸವೇನಿತ್ತು? ಫ್ಯೂಗ್ ಬರೆದುಕೊಟ್ಟರೆ ನುಡಿಸುವ ಸ್ಥಿರವಾದ ವೃತ್ತಿಪರ ವಾದ್ಯವೃಂದ ನಗರದಲ್ಲಿರಲಿಲ್ಲ. ನಗರದ ಕಲಾಕೇಂದ್ರ ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದ ಪರ್ಫಾರ್ಮಿಂಗ್ ಆರ್ಟ್ಸ್) ಸ್ಥಾಪನೆಯಾದದ್ದು 1969ರಲ್ಲಿ, ಅಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿದ್ದು 2006ರಲ್ಲಿ. 1960ರಿಂದ 1965ರವರೆಗೆ ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಪಾಶ್ಚಾತ್ಯ ಸಂಗೀತಶಾಸ್ತ್ರದ ರೀಡರ್ ಆಗಿ ಪಾಠ ಹೇಳಿದರು. ಜೊತೆಜೊತೆಗೆ ಜಾಹೀರಾತಿನ ಬಾಗಿಲು ತೆರೆಯಿತು. ಶಕ್ತಿ ಸಿಲ್ಕ್ ಸೀರೆಗಳ ಜಾಹೀರಾತು ಚಿತ್ರದಿಂದ ಆರಂಭವಾದ ಆ ಕೆಲಸ, ಗಾರ್ಡನ್ ವರೇಲಿ, ಡ್ಯುಲಕ್ಸ್, ಲಿರಿಲ್ ಎನ್ನುತ್ತ ಸಾವಿರಾರು ಜಿಂಗಲ್‌ಗಳಿಗೆ ಬೆಳೆಯಿತು.

ಜಿಂಗಲ್ ಎಂದರೆ ಮೂಗು ಮುರಿಯುವವರಿದ್ದಾರೆ. ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 120 ಬಡಿತಗಳ ಲಯದಲ್ಲಿ ಮೂವತ್ತು ಸೆಕೆಂಡುಗಳಿಗೆ ಸಿಗುವುದು 60 ಬಡಿತ, ಅಂದರೆ ನಾಲ್ಕರ ತಾಳದಲ್ಲಿ ಹದಿನೈದೇ ಆವರ್ತನ. ಅಷ್ಟರೊಳಗೆ ಒಂದು ಸ್ವರವಾಕ್ಯ ಹುಟ್ಟಬೇಕು, ಬೆಳೆಯಬೇಕು, ನಿಲ್ಲಬೇಕು, ಮರುದಿನ ಬೆಳಿಗ್ಗೆ ಲೋಕಲ್ ಗಾಡಿಯಲ್ಲಿ ನೇತಾಡುವವನ ಬಾಯಲ್ಲಿ ತಾನಾಗಿ ಬರಬೇಕು. ನಡುವೆ ಮಾತಿಗೂ ಜಾಗ ಬಿಡಬೇಕು. ಫ್ಯೂಗ್‌ನಲ್ಲಿಯೂ ಮೊದಲ ಕೆಲಸ ಇದೇ: ಎಂಟು ಹತ್ತು ಸ್ವರಗಳ ಒಂದು ಮುಖ್ಯವಾಕ್ಯವನ್ನು ಎಷ್ಟು ಸ್ಪಷ್ಟವಾಗಿ ಕಟ್ಟಬೇಕೆಂದರೆ, ಅದು ಇನ್ನೊಂದು ದನಿಯಲ್ಲಿ, ಬೇರೆ ಎತ್ತರದಲ್ಲಿ, ಇತರ ದನಿಗಳ ಗದ್ದಲದ ನಡುವೆ ಮರಳಿ ಬಂದರೂ ಕೇಳುಗನಿಗೆ ಗುರುತು ಸಿಗಬೇಕು. ಲಿರಿಲ್‌ನ ಆ ಆಲಾಪದಲ್ಲಿ ಪದವೇ ಇಲ್ಲ, ಆದರೂ ಅದನ್ನು ಕೇಳಿ ಬೆಳೆದ ಒಂದು ಇಡೀ ತಲೆಮಾರು ಅದನ್ನು ಮರೆತಿಲ್ಲ. ಅದರ ಹಿಂದೆ ಪ್ಯಾರಿಸ್ಸಿನ ಅಭ್ಯಾಸವಿದೆ ಎಂದು ನಾನು ನಂಬುತ್ತೇನೆ.

ಜಾಹೀರಾತಿನ ಲೋಕದಲ್ಲೇ ಸಿಕ್ಕ ಗೆಳೆತನ ಶ್ಯಾಮ್ ಬೆನೆಗಲ್ ಅವರದು. ನಮ್ಮ ಕರಾವಳಿ ಮೂಲದ ಕೊಂಕಣಿ ಸಾರಸ್ವತ ಮನೆತನದ ಬೆನೆಗಲ್ ನೂರಾರು ಜಾಹೀರಾತು ಚಿತ್ರಗಳನ್ನು ಮಾಡಿದ ಮೇಲೆ 1974ರಲ್ಲಿ ‘ಅಂಕುರ್’ ತೆಗೆದರು. ಭಾಟಿಯಾರಿಗೂ ಅದೇ ಮೊದಲ ಕಥಾಚಿತ್ರ. ಅಲ್ಲಿಂದ ‘ನಿಶಾಂತ್’, ‘ಮಂಥನ್’, ‘ಭೂಮಿಕಾ’, ‘ಜುನೂನ್’, ‘ಕಲಿಯುಗ್’, ‘ಮಂಡಿ’, ‘ತ್ರಿಕಾಲ್’ ಎನ್ನುತ್ತ 1996ರ ‘ಸರ್ದಾರಿ ಬೇಗಂ’ ದಾಟಿ ನಡೆದ ಜೊತೆಗಾರಿಕೆ ಅದು. ಈ ಪಟ್ಟಿಯಲ್ಲಿ ಒಂದು ಚಿತ್ರದ ಸಂಗೀತ ಇನ್ನೊಂದರಂತೆ ಕೇಳುವುದಿಲ್ಲ, ಅದನ್ನು ಗಮನಿಸಬೇಕು. ‘ಮಂಥನ್’ಗೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದ್ದರು. ಅದರ ಹಾಡು ಆ ರೈತರ ಅಂಗಳದಿಂದಲೇ ಎದ್ದು ಬಂದಂತಿದೆ, ಪ್ರೀತಿ ಸಾಗರ್ ಅವರ ಕಂಠದಲ್ಲಿ. ‘ಭೂಮಿಕಾ’ ಮರಾಠಿ ನಟಿ ಹಂಸಾ ವಾಡ್ಕರ್ ಅವರ ಆತ್ಮಕಥೆಯಿಂದ ಪ್ರೇರಿತವಾದುದರಿಂದ, ಅಲ್ಲಿ ಹಳೆಯ ಮಾತಿನ ಚಿತ್ರಗಳ ಹಾಡಿನ ಧಾಟಿಯನ್ನು ದಶಕ ದಶಕವಾಗಿ ಮರುಸೃಷ್ಟಿಸಬೇಕಿತ್ತು. 1961ರ ಗೋವೆಯಲ್ಲಿ ನಡೆಯುವ ‘ತ್ರಿಕಾಲ್’ನಲ್ಲಿ ರೆಮೋ ಫರ್ನಾಂಡಿಸ್ ಅವರ ದನಿಯೊಂದಿಗೆ ಗೋವೆಯ ಕ್ರೈಸ್ತ ಮನೆಗಳ ಸಂಗೀತ ಬಂತು. ‘ಸರ್ದಾರಿ ಬೇಗಂ’ಗೆ ಠುಮ್ರಿಯ ಲೋಕ ಬೇಕಾದಾಗ ಹಾಡಿದವರಲ್ಲಿ ನಮ್ಮ ವಿಜಾಪುರದಲ್ಲಿ ಹುಟ್ಟಿದ ಆರತಿ ಅಂಕಲೀಕರ್ ಇದ್ದರು. ಬೆನೆಗಲ್ ಅವರಾಚೆಗೆ ಬಂದರೆ, ಕಲ್ಕತ್ತೆಯ ಒಬ್ಬಂಟಿ ಆಂಗ್ಲೋ-ಇಂಡಿಯನ್ ಶಿಕ್ಷಕಿಯ ಕಥೆಯಾದ ಅಪರ್ಣಾ ಸೆನ್ ಅವರ ‘36 ಚೌರಂಗೀ ಲೇನ್’ ಇದೆ. ಅಲ್ಲಿ ಅವರ ಪಾಶ್ಚಾತ್ಯ ಶಿಕ್ಷಣವೇ ಕಥೆಯ ಮನೆಮಾತು. ಇಷ್ಟೇ ಅಲ್ಲ, ‘ದಾಮಿನಿ’, ‘ಪರ್ದೇಸ್’ಗಳಂಥ ಜನಪ್ರಿಯ ಚಿತ್ರಗಳಲ್ಲಿ ಹಾಡುಗಳು ನದೀಮ್-ಶ್ರವಣ್ ಅವರದಾದರೆ ಹಿನ್ನೆಲೆ ಸಂಗೀತ ಭಾಟಿಯಾರದು.

ಇಷ್ಟೆಲ್ಲ ಬಗೆಗಳನ್ನು ಒಬ್ಬನೇ ನಿಭಾಯಿಸಲು ಸಾಧ್ಯವಾದದ್ದು ಹೇಗೆ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ತಡವಾಗಿ. ನಲವತ್ತು ದಾಟಿದ ಮೇಲೆ, ಮಾಹೀಮಿನಲ್ಲಿ ಗೋವೆಯ ಹಿರಿಯ ಪಿಟೀಲುಗಾರರೊಬ್ಬರ ಬಳಿ ನಾನು ಐದು ಗೆರೆಗಳ ಸ್ವರಲಿಪಿ ಓದಲು ಕಲಿತೆ. ನಮ್ಮ ಸರಿಗಮ ಲಿಪಿ ಒಂದು ದನಿಯ ನಡೆಯನ್ನು ಹೇಳುತ್ತದೆ. ಉಳಿದದ್ದು ಗುರುಮುಖದಿಂದ ಬರಬೇಕು. ಪಾಶ್ಚಾತ್ಯ ಲಿಪಿಯ ದೊಡ್ಡ ಹಾಳೆಯಲ್ಲಿ ಕೊಳಲಿನಿಂದ ಡಬಲ್ ಬೇಸ್‌ವರೆಗೆ ಪ್ರತಿಯೊಂದು ವಾದ್ಯಕ್ಕೂ ಅದರದೇ ಸಾಲು, ಮೇಲಿನಿಂದ ಕೆಳಕ್ಕೆ ಜೋಡಿಸಿರುತ್ತಾರೆ. ಒಂದು ಕ್ಷಣದಲ್ಲಿ ಯಾರು ಯಾವ ಸ್ವರದಲ್ಲಿದ್ದಾರೆ ಎಂಬುದು ಲಂಬವಾಗಿ ಕಾಣುತ್ತದೆ, ಪ್ರತಿ ವಾದ್ಯದ ಕಥೆ ಅಡ್ಡವಾಗಿ ಸಾಗುತ್ತದೆ. ನನ್ನ ಗುರುಗಳು ತಮ್ಮ ಯೌವನದಲ್ಲಿ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ನುಡಿಸಿದವರು. ಹಿಂದಿ ಚಿತ್ರಗಳಲ್ಲಿ ಸಂಗೀತ ನಿರ್ದೇಶಕರು ಧಾಟಿಯನ್ನು ಹಾಡಿ ತೋರಿಸುತ್ತಿದ್ದರು, ಅದಕ್ಕೆ ವಾದ್ಯಮೇಳದ ಹಾಳೆ ಬರೆಯುತ್ತಿದ್ದದ್ದು ಅರೇಂಜರುಗಳು. ಅವರಲ್ಲಿ ಆಂಟನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾರಂಥ ಗೋವೆಯವರೇ ಮುಂಚೂಣಿಯಲ್ಲಿದ್ದರು. ಸಂಗೀತ ನಿರ್ದೇಶಕನೇ ಪ್ರತಿಯೊಂದು ಸಾಲನ್ನು ತಾನೇ ಬರೆದು ತರುವುದು ವಿರಳ. ಭಾಟಿಯಾ ಆ ವಿರಳರಲ್ಲಿ ಒಬ್ಬರು. ಹಳ್ಳಿಯ ಹಾಡಾಗಲಿ, ಠುಮ್ರಿಯಾಗಲಿ, ಸಾಬೂನಾಗಲಿ, ಹಾಳೆ ಅವರ ಕೈಯಿಂದಲೇ ಹೊರಡಬೇಕು.

ರಾಗ ಮತ್ತು ಹಾರ್ಮನಿಗಳನ್ನು ಒಂದೇ ಹಾಳೆಯಲ್ಲಿ ಕೂರಿಸುವುದು ಹೇಳಿದಷ್ಟು ಸುಲಭವಲ್ಲ. ರಾಗದಲ್ಲಿ ಪ್ರತಿ ಸ್ವರವೂ ಷಡ್ಜಕ್ಕೆ ಸಂಬಂಧಪಟ್ಟೇ ಅರ್ಥ ಪಡೆಯುತ್ತದೆ, ತಂಬೂರಿ ಆ ಸಂಬಂಧವನ್ನು ಕ್ಷಣಕ್ಷಣವೂ ನೆನಪಿಸುತ್ತಿರುತ್ತದೆ. ಹಾರ್ಮನಿಯಲ್ಲಿ ಆಧಾರವೇ ಚಲಿಸುತ್ತದೆ. ಗಾಂಧಾರದ ಕೆಳಗೆ ಬೇರೆ ಸ್ವರಗುಚ್ಛವೊಂದನ್ನು ಇಟ್ಟ ಕೂಡಲೇ ಆ ಗಾಂಧಾರದ ಮುಖಭಾವ ಬದಲಾಗುತ್ತದೆ. ಮೂರು ನಾಲ್ಕು ಬಾರಿ ಹಾಗೆ ಮಾಡಿದರೆ ರಾಗ ಕೈಬಿಟ್ಟು ಹೋಗುತ್ತದೆ. ಎಷ್ಟೋ ‘ಫ್ಯೂಷನ್’ ಪ್ರಯೋಗಗಳಲ್ಲಿ ಆಗುವುದು ಇದೇ: ಮೇಲೆ ಸಿತಾರ್, ಕೆಳಗೆ ಸಿದ್ಧ ಗಿಟಾರ್ ಕಾರ್ಡುಗಳು, ನಡುವೆ ಸಂವಾದವೇ ಇಲ್ಲ. ಭಾಟಿಯಾರಲ್ಲಿ ನನಗೆ ಕೇಳಿಸುವ ದಾರಿ ಬೇರೆ. ರಾಗದ ಸ್ವರಗಳಿಂದಲೇ ಇನ್ನೊಂದು ಎಳೆಯನ್ನು ತೆಗೆದು ಮೊದಲನೆಯ ಎಳೆಯ ಪಕ್ಕಕ್ಕೆ ನಡೆಸುವುದು, ಇಲ್ಲವೇ ಆಧಾರವನ್ನು ಅಲುಗಿಸದೆ ಬಣ್ಣ ಮಾತ್ರ ಬದಲಿಸುವುದು. ಎರಡು ದನಿಗಳು ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಳ್ಳುತ್ತ ಸಾಗುವ ಈ ಕ್ರಮವೇ ಕೌಂಟರ್‌ಪಾಯಿಂಟ್.

ಅಜ್ಜನ ಮಾತಿಗೆ ಈಗ ಮರಳುತ್ತೇನೆ. ವೇದಪಾಠದಲ್ಲಿ ಉದಾತ್ತ, ಅನುದಾತ್ತ, ಸ್ವರಿತಗಳೆಂಬ ಏರಿಳಿತಗಳಿವೆ. ಅವುಗಳಾಚೆ ಹೋಗುವ ಸ್ವಾತಂತ್ರ್ಯ ಪಾಠಕನಿಗಿಲ್ಲ, ಒಂದು ಸ್ವರ ತಪ್ಪಿದರೂ ಅರ್ಥ ತಪ್ಪಿತೆಂಬ ಭಯ. ನಾಸದೀಯದ ವಿಷಯವಾದರೋ ಸೃಷ್ಟಿಗೂ ಮುಂಚಿನದು. ಆಗ ಅಸತ್ತೂ ಇರಲಿಲ್ಲ, ಸತ್ತೂ ಇರಲಿಲ್ಲ ಎಂದು ಆರಂಭವಾಗಿ, ಇದು ಎಲ್ಲಿಂದ ಬಂತೆಂದು ಮೇಲಿರುವ ಅಧ್ಯಕ್ಷನು ಬಲ್ಲನೋ, ಅವನೂ ಅರಿಯನೋ ಎಂಬ ಸಂಶಯದಲ್ಲಿ ಅದು ನಿಲ್ಲುತ್ತದೆ. ಇಂಥ ಸೂಕ್ತವನ್ನು ಪ್ರತಿ ವಾರವೂ ದೇಶದ ಲಕ್ಷಾಂತರ ಮನೆಗಳಿಗೆ ಕೇಳಿಸಬೇಕಾದಾಗ, ಭಕ್ತಿಗೀತೆಯ ಮಾಧುರ್ಯ ಬೆರೆಸುವುದು ಸುಲಭದ ಹಾದಿಯಾಗಿತ್ತು. ಭಾಟಿಯಾ ಹಾಗೆ ಮಾಡಲಿಲ್ಲ. ಸ್ವರಗಳ ವ್ಯಾಪ್ತಿಯನ್ನು ಹಿಗ್ಗಿಸಿದರೂ ಪಠಣದ ಗಾಂಭೀರ್ಯವನ್ನು, ಆ ಪ್ರಶ್ನೆಯ ಭಾರವನ್ನು ಹಾಗೇ ಉಳಿಸಿದರು. ಪಾಠದ ಕಟ್ಟುನಿಟ್ಟಿನಲ್ಲಿ ಬೆಳೆದ ಅಜ್ಜ ತಮ್ಮದಲ್ಲದ ಸ್ವರವನ್ನು ಒಪ್ಪಿಕೊಂಡದ್ದು ಇದಕ್ಕಾಗಿಯೇ ಎಂದು ನನಗೆ ಈಗ ಅನಿಸುತ್ತದೆ.

‘ತಮಸ್’ಗೆ ರಾಷ್ಟ್ರಪ್ರಶಸ್ತಿ, 1989ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2012ರಲ್ಲಿ ಪದ್ಮಶ್ರೀ ಬಂದವು. ಈ ನಡುವೆ ವೇದಿಕೆಗಾಗಿ ಬರೆಯುವುದನ್ನು ಅವರು ನಿಲ್ಲಿಸಿರಲಿಲ್ಲ: 1988ರಲ್ಲಿ ‘ಸಿಕ್ಸ್ ಸೀಸನ್ಸ್’ ಎಂಬ ಗೀತಮಾಲಿಕೆ, 2001ರಲ್ಲಿ ತಂತಿವಾದ್ಯಗಳಿಗೆ ‘ಸಿನ್ಫೋನಿಯಾ ಕನ್ಚರ್ಟಾಂಟೆ’. 2019ರ ಜನವರಿಯಲ್ಲಿ ಚೆಲ್ಲೋ ವಾದಕ ಯೋ-ಯೋ ಮಾ ಮುಂಬಯಿಗೆ ಬಂದಾಗ ಭಾಟಿಯಾರ ‘ರೆವೆರಿ’ಯನ್ನು ನುಡಿಸಿದರು. ಅದೇ ವರ್ಷ ಪತ್ರಿಕೆಗಳಲ್ಲಿ ಬಂದ ಇನ್ನೊಂದು ಸುದ್ದಿಯನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ: ತೊಂಬತ್ತೆರಡರ ಈ ಮನುಷ್ಯ ಬ್ಯಾಂಕಿನಲ್ಲಿ ಹಣವಿಲ್ಲದೆ, ಚಿಕಿತ್ಸೆಗೂ ಪರದಾಡುತ್ತ, ಮನೆಯ ಸಾಮಾನುಗಳನ್ನು ಮಾರುವ ಸ್ಥಿತಿಗೆ ಬಂದಿದ್ದರು. ಸಂಗೀತ ರಚಿಸಿದವನು ತನ್ನ ಗೌರವಧನದ ಪಾಲನ್ನು ನಿರ್ಮಾಪಕನಿಗೆ ಬರೆದುಕೊಡದಂತೆ ರಕ್ಷಿಸುವ ತಿದ್ದುಪಡಿ ನಮ್ಮ ಕೃತಿಸ್ವಾಮ್ಯ ಕಾನೂನಿಗೆ ಬಂದದ್ದು 2012ರಲ್ಲಿ. ಅವರ ದುಡಿಮೆಯ ಬಹುಭಾಗ ಅಷ್ಟರಲ್ಲಿ ಮುಗಿದಿತ್ತು. ಒಂದು ಸ್ವರವಾಕ್ಯ ದಶಕಗಳ ಕಾಲ ಸರಕು ಮಾರುತ್ತಲೇ ಇರುವಾಗ ಅದನ್ನು ಕಟ್ಟಿದವನಿಗೆ ಅದರಲ್ಲಿ ಕಾಸಿನ ಪಾಲೂ ಇಲ್ಲದಂಥ ವ್ಯವಸ್ಥೆಯನ್ನು ನಾವು ಇಷ್ಟು ವರ್ಷ ಸಹಜವೆಂದು ಒಪ್ಪಿಕೊಂಡಿದ್ದೆವು. 2021ರ ಮೇ 7ರಂದು, ಕೋವಿಡ್ಡಿನ ಎರಡನೆಯ ಅಲೆ ನಗರವನ್ನು ಹಿಂಡುತ್ತಿದ್ದ ದಿನಗಳಲ್ಲಿ, ಅವರು ಮುಂಬಯಿಯ ತಮ್ಮ ಮನೆಯಲ್ಲಿ ತೀರಿಕೊಂಡರು.

ಇನ್ನು ಆ ಒಪೆರಾದ ಮಾತು. ಗಿರೀಶ ಕಾರ್ನಾಡರಿಗೂ ಭಾಟಿಯಾರಿಗೂ ದಾರಿಗಳು ಮೊದಲಿನಿಂದಲೂ ಕೂಡುತ್ತಿದ್ದವು. ‘ನಿಶಾಂತ್’, ‘ಮಂಥನ್’ಗಳಲ್ಲಿ ಕಾರ್ನಾಡರು ನಟರು, ‘ಭೂಮಿಕಾ’ದ ಚಿತ್ರಕಥೆಯಲ್ಲಿ ಅವರ ಕೈಯಿದೆ, ಮಹಾಭಾರತವನ್ನು ಬೊಂಬಾಯಿಯ ಉದ್ಯಮಿ ಕುಟುಂಬವೊಂದರ ಜಗಳವಾಗಿ ಹೇಳಿದ ‘ಕಲಿಯುಗ್’ನ ಬರವಣಿಗೆಯಲ್ಲಿಯೂ ಇದೆ. ‘ಅಗ್ನಿ ಮತ್ತು ಮಳೆ’ಯೂ ಮಹಾಭಾರತದ್ದೇ, ವನಪರ್ವದಲ್ಲಿ ಬರುವ ಯವಕ್ರೀತನ ಕಥೆ. ಸುಮಾರು ಹತ್ತು ವರ್ಷಗಳಿಂದ ಸರಿಯಾದ ಮಳೆಯಿಲ್ಲ. ಪರಾವಸು ಯಜ್ಞ ನಡೆಸುತ್ತಿದ್ದಾನೆ. ಅವನ ತಮ್ಮ ಅರವಸುವಿಗೆ ಬೇಡರ ಹುಡುಗಿ ನಿತ್ತಿಲೆಯೂ ಬೇಕು, ನಾಟಕವಾಡುವುದೂ ಬೇಕು. ಪರಾವಸುವಿನ ಹೆಂಡತಿ ವಿಶಾಖೆಯ ಒಡಲಲ್ಲಿ ಬೇರೆಯೇ ಬರಗಾಲವಿದೆ. ಭಾಟಿಯಾ ಈ ನಾಟಕವನ್ನು ಒಪೆರಾ ಆಗಿಸಲು ಹೊರಟಾಗ ವಯಸ್ಸು ಎಪ್ಪತ್ತು ಮೀರಿತ್ತು. ಇದರ ಮೊದಲ ಎರಡು ಅಂಕಗಳು ಸೊಪ್ರಾನೋ ಗಾಯಕಿ ಜುಡಿತ್ ಕೆಲಕ್ ಅವರೊಂದಿಗೆ 2012ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಸ್ತುತವಾದವು.

ಅವರ ಬದುಕನ್ನು ಬಲ್ಲವರಿಗೆ ಈ ಆಯ್ಕೆ ಆಕಸ್ಮಿಕವೆನಿಸಲಾರದು. ಯಜ್ಞಶಾಲೆಯ ಮಂತ್ರ, ಕಾಡಿನವರ ಲಯ, ಬಯಲಾಟದ ಅಬ್ಬರ, ಒಬ್ಬಂಟಿ ಹೆಣ್ಣಿನ ಸ್ವಗತ, ಬ್ರಹ್ಮರಾಕ್ಷಸನ ಗೋಳು, ಇವೆಲ್ಲ ಒಂದೇ ಕೃತಿಯೊಳಗೆ ಒಂದರ ಮೇಲೊಂದು ಬಿದ್ದು ನಡೆಯುವ ನಾಟಕ ನಮ್ಮಲ್ಲಿ ಇನ್ನಾವುದಿದೆ? ನಾಸದೀಯವನ್ನು, ‘ಮಂಥನ್’ನ ಹಳ್ಳಿಯನ್ನು, ‘ಭೂಮಿಕಾ’ದ ರಂಗಸ್ಥಳವನ್ನು ಬೇರೆ ಬೇರೆಯಾಗಿ ಬರೆದ ಕೈಗೆ, ಅವನ್ನು ಒಟ್ಟಿಗೆ ಬರೆಯುವ ಅವಕಾಶ ಇಲ್ಲಿ ಸಿಕ್ಕಿತು. ಕನ್ನಡದಲ್ಲಿ ಹುಟ್ಟಿ, ಕಾರ್ನಾಡರಿಂದಲೇ ಇಂಗ್ಲಿಷಿಗೆ ಹೋದ ಈ ನಾಟಕ, ಕಚ್ಛೀ ಮೂಲದ ಬೊಂಬಾಯಿಗನೊಬ್ಬನ ಐದು ಗೆರೆಗಳ ಹಾಳೆಯಲ್ಲಿ ಮತ್ತೊಮ್ಮೆ ಜನ್ಮ ತಳೆಯಿತು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಾಗಲಿ, ಮಾಹೀಮಿನ ಕರ್ನಾಟಕ ಸಂಘದಲ್ಲಾಗಲಿ ಒಂದು ಸಂಜೆ, ಪಿಯಾನೋ ಒಂದರ ಜೊತೆಗಾದರೂ ಸರಿ, ಅದರ ಒಂದೆರಡು ದೃಶ್ಯಗಳನ್ನು ಹಾಡಿಸಬೇಕೆಂದು ನಾನು ಗೆಳೆಯರಲ್ಲಿ ಕೇಳುತ್ತಲೇ ಬಂದಿದ್ದೇನೆ.

ನಾಟಕದಲ್ಲಿ ಮಳೆ ಬರುವುದು ಉಪಸಂಹಾರದಲ್ಲಿ. ಯಜ್ಞಶಾಲೆ ಉರಿದು ಹೋಗಿದೆ, ನಿತ್ತಿಲೆ ಸತ್ತು ಬಿದ್ದಿದ್ದಾಳೆ, ಇಂದ್ರನೇ ವರ ಕೊಡಲು ನಿಂತಿದ್ದಾನೆ. ಅರವಸು ಅವಳ ಜೀವವನ್ನು ಕೇಳದೆ ಬ್ರಹ್ಮರಾಕ್ಷಸನ ಬಿಡುಗಡೆಯನ್ನು ಕೇಳುತ್ತಾನೆ, ಆಮೇಲೆ ಹನಿಗಳು ಬೀಳುತ್ತವೆ. ನ್ಯೂಯಾರ್ಕಿನಲ್ಲಿ ಕೇಳಿಸಿದ ಎರಡು ಅಂಕಗಳು ಅಲ್ಲಿಯವರೆಗೆ ಬರುವುದಿಲ್ಲ. ಸ್ವರಲಿಪಿ ಓದಲು ಕಲಿತ ಮೇಲೆ ನನಗಿರುವ ದೊಡ್ಡ ಆಸೆ, ಆ ಕೊನೆಯ ಹಾಳೆಯನ್ನು ಕಣ್ಣಾರೆ ಕಂಡು, ಮೊದಲ ಹನಿಯನ್ನು ಅವರು ಯಾವ ವಾದ್ಯದ ಸಾಲಿನಲ್ಲಿ ಬರೆಯಬಯಸಿದ್ದರು ಎಂದು ತಿಳಿಯುವುದು.